ಹಿಮ ಕರಗಿದ ನೀರು ಕಟ್ಟಿದ ಗುಡ್ಡ-ಗುಂಡಿಗಳನ್ನು ಗುರುತಿಸುವುದು ಹೇಗೆ? ಕೆಟಲ್ ಮೊರೇನ್‌ಗೆ ಹೋಗುವವರಿಗೆ ಒಂದು ಮಾರ್ಗದರ್ಶಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಲ್ವಾಕಿಯಿಂದ ಉತ್ತರಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಮುಸುಕಿನ ಜೋಳದ ಸಮತಟ್ಟು ಹೊಲಗಳು ಮುಗಿದು ಗುಡ್ಡ, ಗುಂಡಿ, ಕೊಳಗಳ ಗಜಿಬಿಜಿ ಶುರುವಾಗುತ್ತದೆ. ಇದೇ ಕೆಟಲ್ ಮೊರೇನ್. ದಕ್ಷಿಣದ ವಾಲ್ವರ್ತ್ ಕೌಂಟಿಯಿಂದ ಉತ್ತರದ ಕೆವಾನಿ ಕೌಂಟಿಯವರೆಗೆ ಸುಮಾರು 190 ಕಿ.ಮೀ. ಉದ್ದಕ್ಕೆ ಹಬ್ಬಿದೆ. ಶಿಕಾಗೊ, ಮಿಲ್ವಾಕಿ, ಮ್ಯಾಡಿಸನ್ ಕಡೆಯ ಕನ್ನಡಿಗರಲ್ಲಿ ಅನೇಕರಿಗೆ ಇದು ಹೊಸ ಜಾಗವೇನಲ್ಲ. ಅಕ್ಟೋಬರ್ ಬಂತೆಂದರೆ ಎಲೆಗಳ ಬಣ್ಣ ನೋಡಲು ಸಂಸಾರ ಸಮೇತ ಹೋಗುತ್ತಾರೆ, ಫೋಟೊ ತೆಗೆಯುತ್ತಾರೆ, ಬರುತ್ತಾರೆ. ಎಲೆಯ ಕೆಳಗಿನ ನೆಲವನ್ನು ನೋಡುವವರು ಕಡಿಮೆ. ಈ ಬರಹ ಆ ನೆಲಕ್ಕಾಗಿ.

ಹಿನ್ನೆಲೆ ಇಷ್ಟು. ಸುಮಾರು 20,000 ವರ್ಷಗಳ ಹಿಂದೆ ಕೆನಡಾದಿಂದ ಇಳಿದು ಬಂದ ಲಾರೆಂಟೈಡ್ ಹಿಮಹೊದಿಕೆ ಇಲ್ಲಿ ಎರಡು ನಾಲಗೆಗಳಾಗಿ ಒಡೆದಿತ್ತು. ಪಶ್ಚಿಮದ್ದು ಗ್ರೀನ್ ಬೇ ನಾಲಗೆ, ಪೂರ್ವದ್ದು ಲೇಕ್ ಮಿಷಿಗನ್ ನಾಲಗೆ. ಎರಡೂ ಅಕ್ಕಪಕ್ಕ ತಾಗಿಕೊಂಡಿದ್ದ ಸಂದಿಗೆ ಎರಡೂ ಕಡೆಯ ಕರಗಿದ ನೀರು ಮರಳು, ಜಲ್ಲಿ ಹೊತ್ತು ಬಂದು ಸುರಿಯಿತು. 1870ರ ದಶಕದಲ್ಲಿ ಥಾಮಸ್ ಚೇಂಬರ್ಲಿನ್ ಎಂಬ ಭೂವಿಜ್ಞಾನಿ ಈ ಸಾಲನ್ನು ಎರಡು ನಾಲಗೆಗಳ ನಡುವಿನ ಗಡಿ ಎಂದು ವಿವರಿಸಿದ. ಹೆಸರಲ್ಲಿ ಮೊರೇನ್ ಇದ್ದರೂ, ಅಂದರೆ ಹಿಮನದಿ ತಾನೇ ತಂದು ಗುಡ್ಡೆ ಹಾಕಿದ ಕಲ್ಲುಮಣ್ಣು ಎಂಬ ಅರ್ಥ ಬಂದರೂ, ಒಳಗೆ ತುಂಬಿರುವುದರಲ್ಲಿ ಬಹುಪಾಲು ನೀರು ಹೊತ್ತು ತಂದದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಕೆಳಗಿನ ಹೆಜ್ಜೆಗಳೆಲ್ಲ ಅದರ ಮೇಲೆಯೇ ನಿಂತಿವೆ. ಆಕಾರ ನೋಡಿ ಹೆಸರಿಡಬೇಡಿ, ಒಳಗಿನ ಕಲ್ಲುಮಣ್ಣು ನೋಡಿ ಹೆಸರಿಡಿ. ಶಾಲೆಯ ಪುಸ್ತಕದ ಚಿತ್ರಗಳು ನಮಗೆ ಕಲಿಸಿರುವುದು ಇದಕ್ಕೆ ಸರಿಯಾಗಿ ಉಲ್ಟಾ.

ಹೆಜ್ಜೆ 1: ಮನೆಯಲ್ಲೇ ನಕ್ಷೆ ಓದಿ

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ, ಅಂದರೆ ಯುಎಸ್‌ಜಿಎಸ್, ತನ್ನ 1:24,000 ಅಳತೆಯ ನಕ್ಷೆಗಳನ್ನು ಟೋಪೊವ್ಯೂ ತಾಣದಲ್ಲಿ ಪುಕ್ಕಟೆ ಕೊಡುತ್ತದೆ. ಡಂಡೀ ಎಂಬ ಊರಿನ ಸುತ್ತಲಿನ ಹಾಳೆ ಇಳಿಸಿಕೊಳ್ಳಿ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಕಂಟೂರ್ ಗೆರೆಗಳನ್ನು ಅವಸರವಿಲ್ಲದೆ ನೋಡುತ್ತಾ ಹೋಗಿ.

ಮುಚ್ಚಿಕೊಂಡ ಗೆರೆಯ ಒಳಬದಿಗೆ ಸಣ್ಣ ಸಣ್ಣ ಹಲ್ಲುಗಳಿದ್ದರೆ ಅದು ಗುಂಡಿ. ಇಂಥ ಹಲ್ಲಿನ ಗೆರೆಗಳು ಒಂದೇ ಕಡೆ ಹತ್ತಾರು ಸಿಕ್ಕರೆ ಅವು ಹೂತ ಮಂಜುಗಡ್ಡೆ ಕರಗಿ ಆದ ಗುಂಡಿಗಳು, ಅಂದರೆ ಕೆಟಲ್‌ಗಳಿರಬೇಕು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಹಲ್ಲಿಲ್ಲದೆ ಗುಂಡಗೆ, ಒತ್ತೊತ್ತಾಗಿ ಸುತ್ತಿದ ಗೆರೆಗಳು ಕೇಮ್, ಅಂದರೆ ಹಿಮದ ತೂತಿನಲ್ಲಿ ನೀರು ರಾಶಿ ಹಾಕಿದ ಮರಳು-ಜಲ್ಲಿಯ ಗುಡ್ಡ ಆಗಬಹುದು. ಕಿರಿದಾಗಿ, ಉದ್ದಕ್ಕೆ, ಡೊಂಕುಡೊಂಕಾಗಿ ಹರಿಯುವ ಜೋಡಿ ಗೆರೆ ಎಸ್ಕರ್, ಅಂದರೆ ಹಿಮದಡಿಯ ಸುರಂಗದಲ್ಲಿ ಹೊಳೆ ಬಿಟ್ಟುಹೋದ ಜಲ್ಲಿಯ ದಿಣ್ಣೆ ಇರಬಹುದು. ಗೆರೆಗಳೇ ಅಪರೂಪವಾಗಿ, ನಡುನಡುವೆ ಮಾತ್ರ ಹಲ್ಲಿನ ಸುತ್ತುಗಳಿದ್ದರೆ ಅದು ಹಿಮದಿಂದ ಹೊರಬಿದ್ದ ಹೊಳೆಗಳು ಮರಳು-ಜಲ್ಲಿ ಹರಡಿದ, ಗುಂಡಿಬಿದ್ದ ಔಟ್‌ವಾಶ್ ಬಯಲು. ಒಳಗೆ ಬರುವ ಹಳ್ಳವೂ ಹೊರಗೆ ಹೋಗುವ ಹಳ್ಳವೂ ಇಲ್ಲದ ಕೆರೆಗಳನ್ನು ಬೇರೆಯಾಗಿ ಗುರುತಿಸಿ. ಗ್ರಾವೆಲ್ ಪಿಟ್ ಎಂದು ಬರೆದಿರುವ ಜಾಗಗಳನ್ನಂತೂ ಬಿಡಲೇಬೇಡಿ. ಜಲ್ಲಿ ತೆಗೆಯುವವನು ಬರೀ ಜೇಡಿಮಣ್ಣಿಗಾಗಿ ಯಂತ್ರ ತರುವುದಿಲ್ಲ. ಅವನು ಅಗೆದಿದ್ದಾನೆ ಎಂದರೆ ಅಲ್ಲಿ ನೀರು ಬೇರ್ಪಡಿಸಿಟ್ಟ ಸರಕು ಇದೆ ಎಂದೇ ಅರ್ಥ.

ಆಮೇಲೆ ಅದೇ ಜಾಗದ ಲೈಡಾರ್ ಚಿತ್ರ ತೆರೆಯಿರಿ. ಇದೂ ಯುಎಸ್‌ಜಿಎಸ್‌ನ ನ್ಯಾಷನಲ್ ಮ್ಯಾಪ್‌ನಲ್ಲಿ ಸಿಗುತ್ತದೆ. ವಿಮಾನದಿಂದ ಲೇಸರ್ ಬಿಟ್ಟು ಅಳೆದ ಎತ್ತರಗಳಿಂದ ಮರಗಳನ್ನು ಕಳೆದು, ಬರೀ ನೆಲವನ್ನು ನೆರಳು-ಬೆಳಕಿನಲ್ಲಿ ತೋರಿಸುವ ಚಿತ್ರ. ಕಾಡಿನೊಳಗೆ ಗಂಟೆಗಟ್ಟಲೆ ನಡೆದರೂ ಕಾಣದ ಎಸ್ಕರ್ ಇಲ್ಲಿ ತಕ್ಷಣ ಕಣ್ಣಿಗೆ ಬೀಳುತ್ತದೆ. ಎರಡು ಎಚ್ಚರಿಕೆ ಬೇಕು. ಬೆಳಕು ಬೀಳುವ ದಿಕ್ಕಿಗೇ ಉದ್ದಕ್ಕಿರುವ ದಿಣ್ಣೆಗೆ ನೆರಳು ಬೀಳದೆ ಅದು ಮಾಯವಾಗುತ್ತದೆ, ಹಾಗಾಗಿ ಬೆಳಕಿನ ದಿಕ್ಕು ಬದಲಿಸಿ ಎರಡು ಸಲ ನೋಡಿ. ಇನ್ನೊಂದು, ಕಣ್ಣು ಕೆಲವೊಮ್ಮೆ ಗುಂಡಿಯನ್ನು ಗುಡ್ಡವಾಗಿ ತೋರಿಸಿ ಮೋಸ ಮಾಡುತ್ತದೆ. ಅನುಮಾನ ಬಂದರೆ ಕಂಟೂರ್ ನಕ್ಷೆಯ ಹಲ್ಲುಗಳನ್ನು ನಂಬಿ.

ಹೆಜ್ಜೆ 2: ಯಾವಾಗ ಹೋಗಬೇಕು, ಏನು ಒಯ್ಯಬೇಕು

ಎಲೆ ಉದುರಿದ ಮೇಲೆ ಹೋಗಿ, ಇಲ್ಲವೇ ಏಪ್ರಿಲ್‌ನಲ್ಲಿ ಎಲೆ ಚಿಗುರುವ ಮುಂಚೆ. ಬೇಸಿಗೆಯಲ್ಲಿ ಹಸಿರಿನಾಚೆ ಏನೂ ಕಾಣುವುದಿಲ್ಲ, ಮೇಲಾಗಿ ಉಣ್ಣೆಗಳ ಕಾಟ. ನವೆಂಬರ್ ಕೊನೆಯ ಜಿಂಕೆ ಬೇಟೆಯ ದಿನಗಳಲ್ಲಿ ಹೋಗದಿದ್ದರೆ ಒಳ್ಳೆಯದು. ಹೋಗಲೇಬೇಕಿದ್ದರೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿ. ಕಾರಿಗೆ ರಾಜ್ಯ ಉದ್ಯಾನಗಳ ಪ್ರವೇಶದ ಸ್ಟಿಕರ್ ಬೇಕು. ಕೈಚೀಲದಲ್ಲಿ ದಿಕ್ಸೂಚಿ, ಸ್ಕೇಲು, ನೋಟ್ ಪುಸ್ತಕ, ಭೂತಗನ್ನಡಿ, ಮುಚ್ಚಳವಿರುವ ಗಾಜಿನ ಬಾಟಲಿ, ಒಂದಿಷ್ಟು ವಿನೆಗರ್ ಇರಲಿ. ಸುತ್ತಿಗೆ ಬೇಡ.

ಹೆಜ್ಜೆ 3: ಗುಡ್ಡ ಹತ್ತುವ ಮೊದಲು ಮಣ್ಣಿನ ಗೋಡೆ ನೋಡಿ

ಹೋದವರೆಲ್ಲ ಮಾಡುವುದು ನೇರ ಗುಡ್ಡದ ತುದಿಗೆ ಓಡುವುದು. ನೀವು ಮೊದಲು ರಸ್ತೆಗಾಗಿ ಕಡಿದ ದಿಬ್ಬವನ್ನೋ ಜಲ್ಲಿ ಗುಂಡಿಯನ್ನೋ ಹುಡುಕಿ. ಗುಂಡಿಗಳು ಖಾಸಗಿಯವರವು, ಮಾಲೀಕರನ್ನು ಕೇಳದೆ ಒಳಗೆ ಕಾಲಿಡಬೇಡಿ. ಅನುಮತಿ ಸಿಕ್ಕರೂ ಗೋಡೆಯ ಬುಡಕ್ಕೆ ಹೋಗಬೇಡಿ. ಸಡಿಲ ಜಲ್ಲಿ ಮುನ್ಸೂಚನೆ ಕೊಟ್ಟು ಕುಸಿಯುವುದಿಲ್ಲ. ದೂರದಿಂದ ನೋಡಿ, ಕೆಳಗೆ ಬಿದ್ದಿರುವುದನ್ನು ಹೆಕ್ಕಿ.

ಗೋಡೆಯ ಮುಂದೆ ನಿಂತು ಕೇಳಬೇಕಾದ ಮೊದಲ ಪ್ರಶ್ನೆ: ಪದರಗಳಿವೆಯೇ? ಮಂಜುಗಡ್ಡೆ ತಾನೇ ಬಿಟ್ಟುಹೋದ ಕಲ್ಲುಮಣ್ಣಿಗೆ ಟಿಲ್ ಎನ್ನುತ್ತಾರೆ. ಅದರಲ್ಲಿ ಹಿಟ್ಟಿನಷ್ಟು ನುಣ್ಣನೆಯ ಜೇಡಿಯೂ ಆಳೆತ್ತರದ ಬಂಡೆಯೂ ಪಕ್ಕಪಕ್ಕದಲ್ಲೇ ಹೂತಿರುತ್ತವೆ, ಪದರ ಎಂಬುದಿಲ್ಲ. ನೀರು ಹಾಗಲ್ಲ. ವೇಗ ಇದ್ದಾಗ ಮುಷ್ಟಿಗಾತ್ರದ ಕಲ್ಲು ಹೊರುತ್ತದೆ, ವೇಗ ತಗ್ಗಿದಾಗ ಅದನ್ನಿಳಿಸಿ ಮರಳನ್ನಷ್ಟೇ ಒಯ್ಯುತ್ತದೆ, ನಿಂತಾಗ ಮಾತ್ರ ಜೇಡಿಯನ್ನು ಬಿಡುತ್ತದೆ. ಹಾಗಾಗಿ ಗೋಡೆಯಲ್ಲಿ ಒಂದು ಗೇಣು ಜಲ್ಲಿ, ಅದರ ಮೇಲೆ ನಾಲ್ಕು ಬೆರಳು ಮರಳು, ಮತ್ತೆ ಜಲ್ಲಿ ಎಂದು ಸಾಲು ಕಟ್ಟಿರುತ್ತದೆ. ಬೇಸಿಗೆಯ ಮಧ್ಯಾಹ್ನ ಹಿಮ ಜೋರಾಗಿ ಕರಗಿ, ರಾತ್ರಿ ತಣ್ಣಗಾಗಿ, ಚಳಿಗಾಲದಲ್ಲಿ ಪೂರ್ತಿ ನಿಂತುಹೋಗುವ ನೀರು ಇದು. ಅದರ ವೇಗ ಏರಿದ್ದು ಇಳಿದದ್ದೆಲ್ಲ ಆ ಗೋಡೆಯಲ್ಲಿ ದಾಖಲಾಗಿದೆ.

ಎರಡನೆಯದು ಕಲ್ಲಿನ ಮೈ. ಉದುರಿಬಿದ್ದ ಕಲ್ಲುಗಳಲ್ಲಿ ಆರಿಸದೆ, ಕೈಗೆ ಸಿಕ್ಕ ಐವತ್ತನ್ನು ಸಾಲಾಗಿ ಜೋಡಿಸಿ. ಅಂಚು ಸವೆದು ಉರುಟಾದವು ಎಷ್ಟು, ಮೂಲೆ ಉಳಿದವು ಎಷ್ಟು, ಮೈಮೇಲೆ ನೇರ ಗೀರುಗಳಿರುವವು ಎಷ್ಟು ಎಂದು ಲೆಕ್ಕ ಹಾಕಿ. ಮಂಜುಗಡ್ಡೆಯಡಿ ಒಂದಕ್ಕೊಂದು ಉಜ್ಜಿದ ಕಲ್ಲಿಗೆ ಚಪ್ಪಟೆ ಮುಖವೂ ಗೀರುಗಳೂ ಬಂದಿರುತ್ತವೆ. ಹೊಳೆಯಲ್ಲಿ ಸ್ವಲ್ಪ ದೂರ ಉರುಳಿದರೂ ಆ ಗೀರು ಮಾಸಿ ಮೈ ನುಣುಪಾಗುತ್ತದೆ. ಬಹುಪಾಲು ಉರುಟಾಗಿ, ಗೀರಿನ ಕಲ್ಲು ಒಂದೋ ಎರಡೋ ಸಿಕ್ಕರೆ ನೀವು ನೀರಿನ ಸರಕಿನ ಮುಂದಿದ್ದೀರಿ.

ಅದೇ ಐವತ್ತರಲ್ಲಿ ತಿಳಿ ಬೂದು-ಹಳದಿ ಬಣ್ಣದವು ಹೆಚ್ಚಿರುತ್ತವೆ. ಅದು ಸ್ಥಳೀಯ ಡೋಲಮೈಟ್, ಸುಣ್ಣಕಲ್ಲಿನ ಜಾತಿಯ ಕಲ್ಲು. ಒಂದನ್ನು ಗೀರಿ ಪುಡಿ ಮಾಡಿ ವಿನೆಗರ್ ಬಿಟ್ಟರೆ ಸಣ್ಣಗೆ ಗುಳ್ಳೆ ಏಳುತ್ತದೆ. ನಡುವೆ ಗುಲಾಬಿ ಗ್ರಾನೈಟು, ಕಪ್ಪು ಬಸಾಲ್ಟು, ಹೊಳೆಯುವ ಕ್ವಾರ್ಟ್‌ಜೈಟು ಸಿಗುತ್ತವೆ. ಈ ನೆಲದಡಿಯ ಬಂಡೆ ಅದಲ್ಲ, ಉತ್ತರದಿಂದ ಹಿಮ ಹೊತ್ತು ತಂದದ್ದು. ಹಿಮ ತಂದದ್ದರಲ್ಲಿ ವಜ್ರವೂ ಇತ್ತು. 1876ರಲ್ಲಿ ಈಗಲ್ ಎಂಬ ಊರಿನಲ್ಲಿ ಬಾವಿ ತೋಡುವಾಗ ಸುಮಾರು 16 ಕ್ಯಾರಟ್ ತೂಕದ ವಜ್ರ ಇದೇ ಬಗೆಯ ಕಲ್ಲುಮಣ್ಣಿನಲ್ಲಿ ಸಿಕ್ಕಿತು. ಕೊನೆಗದು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಸೇರಿ, 1964ರ ಕಳ್ಳತನದಲ್ಲಿ ಹೋಗಿ, ಮತ್ತೆ ಸಿಗಲೇ ಇಲ್ಲ. ನೀವು ಹುಡುಕಿ ಬೇಸರ ಮಾಡಿಕೊಳ್ಳಬೇಡಿ.

ಮೂರನೆಯದು ದಿಕ್ಕು. ಚಪ್ಪಟೆ ಕಲ್ಲುಗಳು ಹೊಳೆಯ ತಳದಲ್ಲಿ ಒಂದರ ಮೇಲೊಂದು ಒರಗಿ ನಿಲ್ಲುತ್ತವೆ. ಒರಗುವುದು ನೀರು ಹೋಗುವ ಕಡೆಗೆ, ಅಂದರೆ ಅವುಗಳ ಇಳಿಜಾರು ನೀರು ಬಂದ ಕಡೆಗೆ. ಮರಳಿನ ಓರೆ ಪದರಗಳದು ತದ್ವಿರುದ್ಧ, ಅವು ನೀರು ಹೋದ ಕಡೆಗೆ ಇಳಿಯುತ್ತವೆ. ಎರಡೂ ಸಿಕ್ಕರೆ ಪರಸ್ಪರ ತಾಳೆ ನೋಡಿ, ದಿಕ್ಸೂಚಿಯಲ್ಲಿ ಅಳೆದು ಬರೆದುಕೊಳ್ಳಿ.

ಗೋಡೆಯೇ ಸಿಗದಿದ್ದರೆ? ರಾಜ್ಯದ ಕಾಡಿನಲ್ಲಿ ಅಗೆಯುವಂತಿಲ್ಲ, ಅಗೆಯಲೂಬೇಡಿ. ಗಾಳಿಗೆ ಬುಡಮೇಲಾಗಿ ಬಿದ್ದ ಮರ ಹುಡುಕಿ, ಅದರ ಬೇರಿಗಂಟಿದ ಮಣ್ಣು ಸಾಕು. ಪ್ರಾಣಿಗಳ ಬಿಲದ ಬಾಯಲ್ಲಿ ಹೊರಹಾಕಿದ ಮಣ್ಣೂ ಆದೀತು. ಒಂದು ಹಿಡಿ ಬಾಟಲಿಗೆ ಹಾಕಿ, ನೀರು ತುಂಬಿ, ಕುಲುಕಿ ಇಡಿ. ಮರಳು ಕ್ಷಣದಲ್ಲಿ ತಳಕ್ಕಿಳಿದು ಮೇಲಿನ ನೀರು ಬೇಗ ತಿಳಿಯಾದರೆ ಅದು ತೊಳೆದ ಸರಕು. ಗಂಟೆ ಕಳೆದರೂ ನೀರು ಬಗ್ಗಡವಾಗಿಯೇ ಇದ್ದರೆ ಜೇಡಿ ಜಾಸ್ತಿ ಇದೆ, ಟಿಲ್ ಇರಬಹುದು.

ಹೆಜ್ಜೆ 4: ಎಸ್ಕರ್ ಮೇಲೆ ನಡೆಯಿರಿ

ಪಾರ್ನೆಲ್ ಎಸ್ಕರ್ ಕೆಟಲ್ ಮೊರೇನ್‌ನ ಉತ್ತರ ಭಾಗದಲ್ಲಿದೆ. ಬಟ್ಲರ್ ಲೇಕ್ ಹತ್ತಿರ ಐಸ್ ಏಜ್ ಟ್ರೇಲ್ ಎಂಬ ಕಾಲುದಾರಿ ಅದರ ನೆತ್ತಿಯ ಮೇಲೆಯೇ ಹೋಗುತ್ತದೆ. ಉದ್ದ ಸುಮಾರು 4 ಮೈಲಿ, ಎತ್ತರ ಒಂದು ಕಡೆ 5 ಅಡಿಯಾದರೆ ಇನ್ನೊಂದು ಕಡೆ 35 ಅಡಿ. ನೆತ್ತಿಯ ಮೇಲೆ ನಿಂತರೆ ನಮ್ಮ ಕಡೆಯ ಕೆರೆ ಏರಿಯ ಮೇಲೆ ನಿಂತಂತೆಯೇ ಅನಿಸುತ್ತದೆ: ಕಾಲ ಕೆಳಗೆ ನಾಲ್ಕು ಜನ ನಡೆಯುವಷ್ಟು ಜಾಗ, ಎರಡೂ ಬದಿಗೆ ಕಡಿದಾದ ಇಳಿಜಾರು, ಕೆಳಗೆ ಜೌಗು. ಆದರೆ ಏರಿಯನ್ನು ನೀರಿಗೆ ಅಡ್ಡವಾಗಿ ಕಟ್ಟುತ್ತಾರೆ. ಎಸ್ಕರ್ ಬಿದ್ದಿರುವುದು ನೀರು ಹರಿದ ಉದ್ದಕ್ಕೇ.

ಅದು ಆದದ್ದು ಹೀಗೆ. ಹಿಮದ ಮೇಲೆ ಕರಗಿದ ನೀರು ಬಿರುಕುಗಳಲ್ಲಿ ಇಳಿದು, ತಳದಲ್ಲಿ ಮಂಜುಗಡ್ಡೆಯನ್ನೇ ಕೊರೆದು ಸುರಂಗ ಮಾಡಿಕೊಂಡು ಹರಿಯಿತು. ಆ ಸುರಂಗದ ಗೋಡೆಯೂ ಸೂರೂ ಮಂಜುಗಡ್ಡೆ, ನೆಲ ಮಾತ್ರ ಜಲ್ಲಿ. ಹೊಳೆ ಸರಕು ಇಳಿಸುತ್ತಾ ಹೋದಂತೆ ತಳ ಮೇಲೇರಿತು, ಸೂರು ಕರಗಿ ಇನ್ನೂ ಮೇಲೆ ಹೋಯಿತು. ಕೊನೆಗೆ ಗೋಡೆಗಳೇ ಕರಗಿದಾಗ ಹೊಳೆಯ ಪಾತ್ರ ದಿಣ್ಣೆಯಾಗಿ ಉಳಿಯಿತು. ಆಸರೆ ತಪ್ಪಿದ ಬದಿಗಳು ಕುಸಿದವು; ಎಸ್ಕರ್ ಅಡ್ಡಲಾಗಿ ಕಡಿದ ಜಾಗ ಸಿಕ್ಕರೆ ನಡುವಿನ ಪದರಗಳು ಸರಿಯಾಗಿದ್ದು ಅಂಚಿನವು ಮುರಿದು ಜಾರಿರುವುದು ಕಾಣುತ್ತದೆ.

ಇನ್ನು ನಡೆಯುವ ಕ್ರಮ. ನೂರು ಹೆಜ್ಜೆಗೊಮ್ಮೆ ನಿಂತು ದಿಕ್ಕು, ಎರಡೂ ಬದಿಯ ಎತ್ತರದ ಅಂದಾಜು, ನೆತ್ತಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಬರೆಯಿರಿ. ನನ್ನ ಮಟ್ಟಿಗೆ ಇಡೀ ದಿನದ ಸ್ವಾರಸ್ಯ ಈ ಕೊನೆಯ ಸಾಲಿನಲ್ಲಿದೆ. ಬಯಲಿನ ಹೊಳೆ ಇಳಿಜಾರಿಗೆ ಮಾತ್ರ ಹೋಗಬಲ್ಲದು. ಸುರಂಗದ ನೀರು ಮೇಲಿನ ಮಂಜುಗಡ್ಡೆಯ ಭಾರಕ್ಕೆ ಒತ್ತಡದಲ್ಲಿರುತ್ತದೆ, ಹಿಮ ದಪ್ಪವಿರುವ ಕಡೆಯಿಂದ ತೆಳುವಿರುವ ಕಡೆಗೆ ನುಗ್ಗುತ್ತದೆ, ನಡುವೆ ದಿಬ್ಬ ಬಂದರೆ ಹತ್ತಿ ದಾಟುತ್ತದೆ. ಹಾಗಾಗಿ ಎಸ್ಕರ್ ತಗ್ಗನ್ನು ದಾಟಿ ದಿಬ್ಬ ಏರುವ ಜಾಗ ಸಿಕ್ಕರೆ, ಆ ದಿಣ್ಣೆ ಬಯಲ ಹೊಳೆಯದ್ದಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹಳೆಯ ರೈಲು ಹಳಿಯ ದಿಬ್ಬವನ್ನು ಎಸ್ಕರ್ ಎಂದುಕೊಳ್ಳುವವರುಂಟು. ಹಳಿಯ ದಿಬ್ಬದ ನೆತ್ತಿ ಒಂದೇ ಮಟ್ಟದಲ್ಲಿರುತ್ತದೆ, ತಿರುವುಗಳು ಅಳೆದು ಹಾಕಿದಂತಿರುತ್ತವೆ, ಪಕ್ಕದಲ್ಲಿ ಮಣ್ಣು ತೆಗೆದ ಗುಂಡಿಗಳಿರುತ್ತವೆ. ಇನ್ನು ಎಸ್ಕರ್ ನಡುವೆ ತುಂಡಾಗಿದ್ದರೆ ಗಾಬರಿ ಬೇಡ, ಮುಂದೆ ಅದೇ ದಿಕ್ಕಿನಲ್ಲಿ ಮತ್ತೆ ಎದ್ದೇಳುವುದು ಸಾಮಾನ್ಯ. ಉದ್ದದ ಮಾತಿಗೆ ಬಂದರೆ ಪಾರ್ನೆಲ್ ಚಿಕ್ಕದು. ಫಿನ್ಲೆಂಡಿನ ಪುಂಕಹರ್ಯುದಲ್ಲಿ ಸರೋವರದ ನಡುವೆ ಸುಮಾರು 7 ಕಿ.ಮೀ. ಹಾಯುವ ಎಸ್ಕರ್ ಮೇಲೆ ರಸ್ತೆಯೇ ಇದೆ.

ಹೆಜ್ಜೆ 5: ಕೇಮ್

ಲಾಂಗ್ ಲೇಕ್ ಪಕ್ಕದ ಡಂಡೀ ಮೌಂಟನ್ ಹೆಸರಿಗೆ ಮೌಂಟನ್, ಸುತ್ತಲ ನೆಲದಿಂದ 200 ಅಡಿಗೂ ಮಿಕ್ಕಿ ಎದ್ದಿರುವ ಒಂಟಿ ಗುಡ್ಡ. ಹಿಮದ ಮೇಲ್ಮೈಯ ಹೊಳೆ ದೊಡ್ಡ ತೂತಿನೊಳಗೆ ಧುಮುಕುತ್ತಾ ಅದರ ಬುಡದಲ್ಲಿ ಮರಳು-ಜಲ್ಲಿ ರಾಶಿ ಹಾಕಿತು. ಹಿಮ ಹೋಯಿತು, ರಾಶಿ ಉಳಿಯಿತು. ಹೋಲಿ ಹಿಲ್ ಎಂಬ ಯಾತ್ರಾಸ್ಥಳದ ಚರ್ಚ್ ನಿಂತಿರುವುದೂ ಕೇಮ್ ಮೇಲೆ. ನಡೆಯಲಾಗದವರು ಜೊತೆಗಿದ್ದರೆ ಅಲ್ಲಿಗೇ ಹೋಗಿ.

ಕೇಮ್‌ಗೂ ಡ್ರಮ್ಲಿನ್‌ಗೂ ಗೊಂದಲವಾಗುವುದು ಸಹಜ. ಡ್ರಮ್ಲಿನ್ ಹಿಮ ತನ್ನಡಿಯಲ್ಲೇ ನೇವರಿಸಿ ರೂಪಿಸಿದ ನೀಳ ದಿಬ್ಬ, ಒಂಟಿಯಾಗಿರುವುದು ಅಪರೂಪ. ಪಶ್ಚಿಮದ ಡಾಡ್ಜ್, ಜೆಫರ್ಸನ್ ಕೌಂಟಿಗಳಲ್ಲಿ ಅವು ಒಂದೇ ದಿಕ್ಕಿಗೆ ಮುಖ ಮಾಡಿ ಹಿಂಡು ಹಿಂಡಾಗಿವೆ. ಕೇಮ್‌ಗೆ ದಿಕ್ಕಿಲ್ಲ. ಇಷ್ಟಾದ ಮೇಲೂ ಅನುಮಾನವಿದ್ದರೆ ಬಾಟಲಿ ತೆಗೆಯಿರಿ.

ಹೆಜ್ಜೆ 6: ಕೆಟಲ್‌ನ ಅಂಚಿನಲ್ಲಿ

ಗ್ರೀನ್‌ಬುಷ್ ಕೆಟಲ್ ನೋಡಲು ಸುಲಭ, ಅಂಚು ಸ್ಪಷ್ಟ. ಹಿಮ ಹಿಂದೆ ಸರಿಯುವಾಗ ಕಳಚಿಕೊಂಡ ಮಂಜುಗಡ್ಡೆಯ ತುಂಡು ಮರಳು-ಜಲ್ಲಿಯಲ್ಲಿ ಹೂತುಹೋಯಿತು. ಮೇಲಿನ ಮಣ್ಣಿನ ಹೊದಿಕೆಯಿಂದಾಗಿ ನಿಧಾನವಾಗಿ, ಬಹುಕಾಲ ಕರಗಿತು. ಕರಗಿದಷ್ಟೂ ಮೇಲಿನ ನೆಲ ಕುಸಿಯಿತು. ಅಂದರೆ ನೀವು ನೋಡುತ್ತಿರುವ ಗುಂಡಿಯನ್ನು ಯಾರೂ ತೋಡಿದ್ದಲ್ಲ, ಅದು ಒಂದು ಮಂಜುಗಡ್ಡೆಯ ಅಚ್ಚು. ಅಂಚನ್ನು ಪೂರ್ತಿ ಸುತ್ತಿ. ಹೊರಗೆ ಹರಿಯಲು ಬಾಯಿ ಇಲ್ಲದಿದ್ದರೆ, ತಳದಲ್ಲಿ ನೀರೋ ಜೌಗೋ ಇದ್ದರೆ, ಅಂಚಿನ ಮಣ್ಣು ಮರಳು-ಜಲ್ಲಿಯಾಗಿದ್ದರೆ ಕೆಟಲ್ ಎನ್ನಲು ಅಡ್ಡಿಯಿಲ್ಲ. ಎಲ್ಲ ಕೆಟಲ್‌ಗಳಲ್ಲೂ ನೀರಿರುವುದಿಲ್ಲ. ತಳ ಅಂತರ್ಜಲದ ಮಟ್ಟಕ್ಕಿಂತ ಕೆಳಗಿದ್ದರೆ ಕೊಳ, ಮೇಲಿದ್ದರೆ ಒಣ ಗುಂಡಿ. ಡೋಲಮೈಟ್ ಕರಗಿ ಬೀಳುವ ಕುಸಿಗುಂಡಿಗಳೂ ಹೀಗೆಯೇ ಕಾಣಬಹುದು, ಆದರೆ ಅವುಗಳ ಗೋಡೆಯಲ್ಲಿ ಬಂಡೆ ಇಣುಕುತ್ತದೆ.

ಕೆಟಲ್ ಆಗುವುದನ್ನು ಈ ಕಾಲದವರೇ ಕಣ್ಣಾರೆ ನೋಡಿದ್ದು ಐಸ್‌ಲ್ಯಾಂಡಿನಲ್ಲಿ. 1996ರ ಸೆಪ್ಟೆಂಬರ್ ಕೊನೆಗೆ ವಾಟ್ನಾಯೊಕುಲ್ ಹಿಮರಾಶಿಯಡಿ ಜ್ವಾಲಾಮುಖಿ ಸಿಡಿದು, ಕರಗಿದ ನೀರು ಹಿಮದಡಿಯ ಗ್ರಿಮ್ಸ್‌ವೊಟ್ನ್ ಕೊಳದಲ್ಲಿ ತುಂಬುತ್ತಾ ಹೋಯಿತು. ನವೆಂಬರ್ 5ರಂದು ಅದು ಒಮ್ಮೆಲೇ ಸ್ಕೆಯ್ದರಾರ್ಸಂದುರ್ ಬಯಲಿಗೆ ನುಗ್ಗಿತು. ಉತ್ತುಂಗದಲ್ಲಿ ಸೆಕೆಂಡಿಗೆ ಸುಮಾರು 45,000 ಘನ ಮೀಟರ್ ನೀರು, ಜೊತೆಗೆ ಮನೆಗಾತ್ರದ ಮಂಜುಗಡ್ಡೆಗಳು. ಹೆದ್ದಾರಿಯ ಸೇತುವೆ ಕೊಚ್ಚಿಹೋಯಿತು. ಅದರ ತಿರುಚಿದ ಉಕ್ಕಿನ ತೊಲೆಗಳನ್ನು ಇಂದಿಗೂ ರಸ್ತೆ ಪಕ್ಕ ಇಟ್ಟಿದ್ದಾರೆ. ಮರಳಿನಲ್ಲಿ ಹೂತ ಮಂಜುಗಡ್ಡೆಗಳು ಆಮೇಲೆ ಒಂದೊಂದಾಗಿ ಕರಗಿ, ಅವು ಇದ್ದಲ್ಲೆಲ್ಲ ಗುಂಡಿ ಬಿದ್ದಿತು. ವಿಸ್ಕಾನ್ಸಿನ್‌ನ ಗುಂಡಿಗಳ ಬಗ್ಗೆ ಊಹಿಸಿ ಹೇಳಿದ್ದು ಅಲ್ಲಿ ಕಣ್ಣೆದುರೇ ನಡೆಯಿತು.

ಹೆಜ್ಜೆ 7: ಔಟ್‌ವಾಶ್ ಬಯಲನ್ನು ಕೊನೆಗಿಟ್ಟುಕೊಳ್ಳಿ

ಇದು ನೋಡಲು ಸಪ್ಪೆ. ಹಿಮದ ಅಂಚಿನಿಂದ ಹೊರಬಿದ್ದ ಹೊಳೆಗಳು ಕವಲೊಡೆದು, ಕೂಡಿ, ಮತ್ತೆ ಕವಲೊಡೆದು ಹರಡಿದ ಮರಳು-ಜಲ್ಲಿಯ ಬಯಲು. ಆದರೆ ಅಳತೆಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಗುಡ್ಡಸಾಲಿನ ಬುಡದಲ್ಲೊಂದು, ಒಂದೆರಡು ಕಿ.ಮೀ. ದೂರದಲ್ಲೊಂದು, ಇನ್ನೂ ಆಚೆ ಮತ್ತೊಂದು ಜಾಗ ಆರಿಸಿ, ಪ್ರತಿ ಜಾಗದಲ್ಲಿ ಅತಿ ದೊಡ್ಡ ಹತ್ತು ಕಲ್ಲುಗಳನ್ನು ಅಳೆಯಿರಿ. ಹಿಮದಿಂದ ದೂರ ಹೋದಷ್ಟೂ ಗಾತ್ರ ಇಳಿಯಬೇಕು. ಇಳಿಯುವ ದಿಕ್ಕೇ ನೀರು ಹೋದ ದಿಕ್ಕು.

ಭಾರತದಲ್ಲಿ ಇಂಥ ನೆಲದ ಮೇಲೆ ಲಕ್ಷಾಂತರ ಜನ ಗೊತ್ತಿಲ್ಲದೇ ನಡೆದಿದ್ದಾರೆ. ಕೇದಾರನಾಥದ ಊರು ಕೂತಿರುವುದು ಚೋರಾಬಾರಿ ಮತ್ತು ಅದರ ಪಕ್ಕದ ಹಿಮನದಿಯ ನೀರು ಹರಡಿದ ಔಟ್‌ವಾಶ್ ಮೇಲೆ. ದೇವಸ್ಥಾನದ ಪ್ರಧಾನ ಅರ್ಚಕರಾದ ರಾವಲರು ಕರ್ನಾಟಕದ ವೀರಶೈವ ಪರಂಪರೆಯವರಾದ್ದರಿಂದ ನಮ್ಮವರಿಗೆ ಆ ಊರು ಹೊಸದೇನಲ್ಲ. 2013ರ ಜೂನ್ 17ರ ಬೆಳಿಗ್ಗೆ ಮೇಲಿನ ಕೆರೆಯಾದ ಚೋರಾಬಾರಿ ತಾಲ್‌ನ ಮೊರೇನ್ ಕಟ್ಟೆ ಒಡೆದು ನುಗ್ಗಿದ ನೀರು ಹೊಸ ಸರಕನ್ನು ಅದೇ ಬಯಲಿನ ಮೇಲೆ ಸುರಿಯಿತು. ಹೋದಾಗ ಗುಡಿಯ ಹಿಂದಿನ ಭೀಮಶಿಲೆಯನ್ನೂ ಅದರ ಸುತ್ತಲ ಸಣ್ಣ ಜಲ್ಲಿಯನ್ನೂ ಹೋಲಿಸಿ ನೋಡಿ. ಅಷ್ಟು ದೊಡ್ಡ ಬಂಡೆ ಸಣ್ಣ ಕಲ್ಲುಗಳ ನಡುವೆ ಬಂದು ಕೂತಿದ್ದರೆ ಅದು ದಿನನಿತ್ಯದ ಹೊಳೆಯ ಕೆಲಸವಲ್ಲ.

ಹಿಮದ ಅಂಚಿನಲ್ಲಿ ನೀರು ನಿಂತು ಕೆರೆಯಾದ ಕಡೆ ಜಲ್ಲಿಯ ಬದಲು ನುಣ್ಣನೆಯ ಜೋಡಿ ಪದರಗಳು ಸಿಗುತ್ತವೆ: ಬೇಸಿಗೆಯದು ತಿಳಿ ಬಣ್ಣದ ಸಣ್ಣ ಮರಳು, ಚಳಿಗಾಲದ್ದು ಗಾಢ ಬಣ್ಣದ ಜೇಡಿ. ಒಂದು ಜೋಡಿ ಎಂದರೆ ಒಂದು ವರ್ಷ. ಸ್ವೀಡನ್ನಿನ ಭೂವಿಜ್ಞಾನಿ ಗೆರಾರ್ಡ್ ಡೆ ಯೇರ್ ಇವನ್ನೇ ಎಣಿಸಿ ಹಿಮ ಹಿಂದೆ ಸರಿದ ವರ್ಷಗಳ ಲೆಕ್ಕ ಕಟ್ಟಿದ.

ಹೆಜ್ಜೆ 8: ಬಾಣ ಹಾಕಿ

ಸಂಜೆ ಕೂತು ಮೊದಲಿನ ನಕ್ಷೆಯ ಮೇಲೆ ದಿನದ ದಿಕ್ಕುಗಳನ್ನೆಲ್ಲ ಬಾಣಗಳಾಗಿ ಬರೆಯಿರಿ. ಸುರಂಗದ ನೀರಿಗೆ ನೀಲಿ, ಹೊರಗಿನ ಹೊಳೆಗೆ ಕೆಂಪು. ಪೆನ್ಸಿಲ್‌ನಲ್ಲಿ ಹಾಕಿದ್ದ ಗುರುತುಗಳಲ್ಲಿ ಒಳಗಿನ ಕಲ್ಲುಮಣ್ಣು ನೋಡಿ ಖಚಿತವಾದವನ್ನು ಮಾತ್ರ ಇಂಕಿನಲ್ಲಿ ತಿದ್ದಿ, ಉಳಿದವು ಪೆನ್ಸಿಲ್‌ನಲ್ಲೇ ಇರಲಿ. ಬಾಣಗಳ ಬಾಲ ಎತ್ತ ಕಡೆಗಿದೆಯೋ ಹಿಮ ಇದ್ದದ್ದು ಅತ್ತ. ಒಂದೇ ಬಾಣ ಉಳಿದವಕ್ಕೆ ಅಡ್ಡಾದಿಡ್ಡಿಯಾಗಿದ್ದರೆ ಅಳಿಸಬೇಡಿ. ಬಹುಶಃ ಅದನ್ನು ಕುಸಿದು ಜಾರಿದ ಅಂಚಿನ ಪದರದಲ್ಲಿ ಅಳೆದಿದ್ದೀರಿ. ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹಾಕಿಟ್ಟು, ಮುಂದಿನ ಸಲ ಅದೇ ಗೋಡೆಯ ನಡುಭಾಗದಲ್ಲಿ ಮತ್ತೆ ಅಳೆಯಿರಿ.